ಕುಂದಿಲ್ಲದ ನೇಲ್ ಗನ್

ಎಲ್ಲಕ್ಕೂ ಕಾರಣ ಬಡಗಿ ಹಿಂದಿನ ಸಂಜೆ ಬಾಯಿ ಜಾರಿ ಆಡಿದ ಮಾತು. ಹಗುರವಾಗಿರಬೇಕು, ಮೊಳೆ ನಡುವೆ ಸಿಕ್ಕಿಕೊಳ್ಳಬಾರದು, ಗಟ್ಟಿ ಮರಕ್ಕೂ ಇಳಿಯಬೇಕು, ಮೊಳೆ ಹೊಡೆಯುವ ಅಂಥ ನೇಲ್ ಗನ್ ಸಿಕ್ಕರೆ ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳುತ್ತೇನೆ ಎಂದುಬಿಟ್ಟಿದ್ದ. ಅಂಥದ್ದು ಈ ಭೂಮಿಯ ಮೇಲೆ ಇರಲಾರದೆಂಬ ಧೈರ್ಯದ ಮೇಲೆ ಹೇಳಿದ ಮಾತದು. ಮರುದಿನ ಅಂಗಡಿಯ ಮೆಟ್ಟಿಲು ಹತ್ತಿದರೆ ಅದು ಕೌಂಟರ್ ಮೇಲೆ ಕೂತು ಅವನಿಗಾಗಿಯೇ ಕಾಯುತ್ತಿತ್ತು.

ಮನೆ ಕಟ್ಟುವ ಸಾಮಾನಿನ ಆ ಅಂಗಡಿಯಲ್ಲಿ ಅವನಿಗೆ ‘ನೋಡೋಣ ಮೇಸ್ತ್ರಿ’ ಎಂದೇ ಹೆಸರು. ಎಷ್ಟೋ ತಿಂಗಳಿಂದ ದಿನಾ ಸಂಜೆ ಬರುತ್ತಾನೆ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಾನೆ. ಬ್ಯಾಟರಿಯ ಮೇಲೆ ನಡೆಯುವ ನೇಲ್ ಗನ್‌ಗಳನ್ನು ಒಂದೊಂದಾಗಿ ಕೆಳಗಿಳಿಸಿಕೊಂಡು, ತಿರುಗಿಸಿ ಮುರುಗಿಸಿ, ಏನಾದರೊಂದು ಕುಂದು ಹುಡುಕಿ, ‘ನಾಳೆ ನೋಡೋಣ’ ಎಂದು ಎದ್ದು ಹೋಗುತ್ತಾನೆ. ಅಂಗಡಿ ನಡೆಸುವಾಕೆಯನ್ನು ವಯಸ್ಸಿನಲ್ಲಿ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು. ಅಕ್ಕ ಒಂದು ದಿನವೂ ಮುಖ ಸಿಂಡರಿಸಿದವಳಲ್ಲ. ಇಳಿಸುತ್ತಿದ್ದಳು, ತೋರಿಸುತ್ತಿದ್ದಳು, ಮತ್ತೆ ಏರಿಸುತ್ತಿದ್ದಳು.

ಮೊದಲ ದಿನ ಅವನು ನಿಜವಾಗಿಯೂ ಕೊಳ್ಳಲೆಂದೇ ಬಂದಿದ್ದ. ಹೆಂಡತಿ ಇದ್ದಷ್ಟು ದಿನ ಮರದ ಪಟ್ಟಿಯ ಆ ತುದಿಯನ್ನು ಅವಳು ಹಿಡಿದುಕೊಳ್ಳುತ್ತಿದ್ದಳು, ಈ ತುದಿಯಲ್ಲಿ ಇವನು ಮೊಳೆ ಹೊಡೆಯುತ್ತಿದ್ದ. ಅವಳು ತೀರಿಕೊಂಡ ಮೇಲೆ ಪಟ್ಟಿ ಹಿಡಿಯಲು ಒಂದು ಕೈ, ಮೊಳೆ ಹಿಡಿಯಲು ಒಂದು ಕೈ, ಸುತ್ತಿಗೆಗೊಂದು ಕೈ ಬೇಕಾಯಿತು. ದೇವರು ಕೊಟ್ಟದ್ದು ಎರಡೇ. ಆ ಸಂಜೆ ಅಂಗಡಿಯಲ್ಲಿ ಸಾಮಾನಿಗೆಂದು ದಿನಾ ಬರುವ ಪೇಂಟರ್, ಪ್ಲಂಬರ್, ಜೊತೆಗೆ ಅಕ್ಕ ಎಲ್ಲರೂ ತಲೆಗೊಂದು ಸಲಹೆ ಕೊಟ್ಟರು. ಚಹಾ ಬಂತು, ವಾದ ಎದ್ದಿತು, ನಗು ಆಯಿತು. ಮನೆಗೆ ಬಂದು ಬೀಗ ತೆಗೆಯುವಾಗ ಬಡಗಿಗೆ ಹೊಳೆಯಿತು, ಇಷ್ಟು ಮಾತಾಡಿ ಎಷ್ಟು ಕಾಲವಾಗಿತ್ತೆಂದು. ಗನ್ ಕೊಂಡರೆ ಮಾತು ಮುಗಿಯುತ್ತದೆ. ಕೆಲಸವಿಲ್ಲದೆ ಇನ್ನೊಬ್ಬರ ಅಂಗಡಿಯಲ್ಲಿ ಹೋಗಿ ಕೂರುವಷ್ಟು ಸಂಕೋಚ ಬಿಟ್ಟವನಲ್ಲ ಅವನು. ಹಾಗಾಗಿ ಮರುದಿನವೇ ಮೊದಲ ಕುಂದು ಹುಡುಕಿದ.

“ಬನ್ನಿ ಮೇಸ್ತ್ರೀ, ನೀವು ಕೇಳಿದ್ದು ಬಂದಿದೆ,” ಎಂದಳು ಅಕ್ಕ. ನಾಲ್ಕಾರು ಕಡೆ ಫೋನ್ ಮಾಡಿ ವಿಚಾರಿಸಿದ್ದಳಂತೆ. ಪೇಂಟರ್ ಬಿಸಿಲಿನಲ್ಲಿ ಊರಾಚೆಯವರೆಗೆ ಸ್ಕೂಟರ್ ಓಡಿಸಿಕೊಂಡು ಹೋಗಿ ತಂದಿದ್ದನಂತೆ.

ಬಡಗಿ ಎತ್ತಿ ನೋಡಿದ. ಹಗುರವಾಗಿತ್ತು. ಇಷ್ಟು ಹಗುರವಾದರೆ ಕೈಯಲ್ಲಿ ನಿಲ್ಲುವುದಿಲ್ಲ ಎಂದ. ನೇಲ್ ಗನ್ ಬಗ್ಗೆ ಏನೂ ತಿಳಿಯದಿದ್ದರೂ ಎಲ್ಲದರ ಬಗ್ಗೆಯೂ ಅಭಿಪ್ರಾಯವಿದ್ದ ಪ್ಲಂಬರ್ ತಲೆ ಹಾಕಿದ.

“ಭಾರ ಇದ್ರೂ ತಪ್ಪು, ಹಗುರ ಇದ್ರೂ ತಪ್ಪು. ಒಂದ್ಸಲ ಹೊಡೆದು ನೋಡಿ, ಆಮೇಲೆ ಮಾತಾಡಿ.”

ಮೂಲೆಯಲ್ಲಿ ಮಾದರಿಗೆಂದು ನಿಲ್ಲಿಸಿದ ಬಾಗಿಲೊಂದಿತ್ತು. ಅಕ್ಕ ಕಪಾಟಿನಿಂದ ಒಂದು ಬ್ಯಾಟರಿ ತಂದು ಗನ್ನಿಗೆ ಸಿಕ್ಕಿಸಿದಳು. ಬಡಗಿ ಬಾಗಿಲ ಮೇಲೆಲ್ಲ ಕೈಯಾಡಿಸಿ, ಮರದ ಗಂಟು ಎಲ್ಲಿದೆಯೋ ಅಲ್ಲಿಗೇ ಗನ್ನಿನ ಮೂತಿ ಒತ್ತಿದ. ಎಂಥ ಮೊಳೆಯಾದರೂ ಸೊಟ್ಟಗಾಗಲೇಬೇಕಾದ ಜಾಗ. ಟಪ್ ಎಂದಿತು, ಮೊಳೆ ನೆಟ್ಟಗೆ ಒಳಗಿತ್ತು. ಎಡಗೈಯಲ್ಲಿ ಹೊಡೆದ, ಬಗ್ಗಿ ಹೊಡೆದ, ಕೊನೆಗೆ ಬಾಗಿಲಿಗೆ ಬೆನ್ನು ಮಾಡಿ, ಕೈ ಹಿಂದಕ್ಕೆ ಹಾಕಿ ಹೊಡೆದ. ಮುಂದಕ್ಕೆ ಹೆಜ್ಜೆ ಇಡಲು ಹೋದರೆ ಬಾಗಿಲು ಅವನನ್ನು ಬಿಡಲಿಲ್ಲ. ಅಂಗಿಯ ಅಂಚು ಮರಕ್ಕೆ ಜಡಿದುಹೋಗಿತ್ತು.

ಬಡಗಿಗೆ ಹೋದ ಜೀವ ಬಂದಂತಾಯಿತು. ಅಂಗಿಗೂ ಮರಕ್ಕೂ ವ್ಯತ್ಯಾಸ ತಿಳಿಯದ ಗನ್ ಇದು, ನನಗೆ ಬೇಡ ಎಂದು ಬಾಗಿಲಿಗೆ ಅಂಟಿಕೊಂಡೇ ಘೋಷಿಸಿದ. ಅದೇ ಹೊತ್ತಿಗೆ ಬಾಗಿಲು ಕೊಳ್ಳಲು ಬಂದ ಗಂಡ ಹೆಂಡತಿ, ಇದರ ಜೊತೆ ಬಡಗಿಯನ್ನೂ ಕೊಡುತ್ತೀರಾ ಎಂದು ವಿಚಾರಿಸಿದರು. ಅಂಗಡಿಗೆ ಅಂಗಡಿಯೇ ನಕ್ಕಿತು. ಅವನೂ ನಕ್ಕ. ಈ ಸಂಜೆ ಹೀಗೇ ನಿಂತುಬಿಡಲಿ ಎನ್ನಿಸಿತು ಅವನಿಗೆ. ಪೇಂಟರ್ ಇಕ್ಕಳ ತಂದು ಮೊಳೆ ಕಿತ್ತ.

“ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿತ್ತು ನೋಡಿ,” ಎಂದಳು ಅಕ್ಕ. “ಒಂದು ಕೈಯಲ್ಲಿ ಪಟ್ಟಿ, ಇನ್ನೊಂದು ಕೈಯಲ್ಲಿ ಇದು. ನಿಮಗೆ ಇನ್ನೊಬ್ಬರು ಬೇಕಾಗೋದೇ ಇಲ್ಲ ಮೇಸ್ತ್ರೀ.”

ಬಡಗಿ ಅಂಗಿಯ ತೂತನ್ನು ನೋಡುತ್ತ ನಿಂತ. ಇನ್ನು ಅವನ ಬಳಿ ಉಳಿದಿದ್ದದ್ದು ಒಂದೇ ಅಸ್ತ್ರ. ದುಡ್ಡು ತಂದಿಲ್ಲ, ನಾಳೆ ನೋಡೋಣ ಎಂದ.

ಮೂವರೂ ಮುಖ ಮುಖ ನೋಡಿಕೊಂಡು ನಕ್ಕರು. ಈ ಮಾತಿಗೇ ಕಾಯುತ್ತಿದ್ದರು.

“ದುಡ್ಡಿನ ಮಾತು ಬೇಡ. ನಾವೆಲ್ಲ ಸೇರಿ ಕೊಡ್ತಿರೋದು ಇದು,” ಎಂದಳು ಅಕ್ಕ. “ದಿನಾ ಇಷ್ಟು ದೂರ ನಡ್ಕೊಂಡು ಬರ್ತೀರ, ಬರಿಗೈಯಲ್ಲಿ ಹೋಗ್ತೀರ. ನೋಡೋಕಾಗಲ್ಲ ನಮಗೆ. ಇನ್ಮೇಲೆ ನಿಮಗೆ ಆ ಅಲೆದಾಟ ಇಲ್ಲ.”

ಬಡಗಿಯ ಕಣ್ಣು ತುಂಬಿತು. ಸಂತೋಷಕ್ಕೆಂದು ತಿಳಿದು ಪ್ಲಂಬರ್ ಬೆನ್ನು ತಟ್ಟಿದ. ತನ್ನ ಪಾಲಿಗೆಂದು ಜನ್ಮಕ್ಕೆ ಸಾಕಾಗುವಷ್ಟು ಮೊಳೆ ತುಂಬಿದ ಪೊಟ್ಟಣವನ್ನೂ ಅವನ ಕಂಕುಳಿಗೆ ತುರುಕಿದ. ಬಡಗಿ ಮೆಟ್ಟಿಲಿಳಿದು ತಿರುಗಿ ನೋಡಿದರೆ ಅವನ ಸ್ಟೂಲಿನ ಮೇಲೆ ಆಗಲೇ ಯಾರೋ ಬಣ್ಣದ ಡಬ್ಬಿಗಳನ್ನು ಪೇರಿಸುತ್ತಿದ್ದರು.

ಮನೆಯಲ್ಲಿ ಅರ್ಧಕ್ಕೆ ನಿಂತ ಕಪಾಟು, ಗೋಡೆಗೆ ಒರಗಿಸಿದ ಪಟ್ಟಿಗಳು, ಮರದ ಹೊಟ್ಟು. ಬಡಗಿ ಪೆಟ್ಟಿಗೆ ಬಿಚ್ಚಿದ. ಗನ್ ಇತ್ತು, ಚಿಕ್ಕದೊಂದು ಕೀಲಿ ಇತ್ತು. ಬ್ಯಾಟರಿ ಇರಲಿಲ್ಲ, ಚಾರ್ಜರೂ ಇರಲಿಲ್ಲ. ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಕೊಡವಿದ. ನಿಜವಾಗಿಯೂ ಇರಲಿಲ್ಲ.

ಅವನ ಮುಖ ಅರಳಿತು. ಬ್ಯಾಟರಿ ಎಂದರೆ ಸುಮ್ಮನೆ ಆಗುತ್ತದೆಯೇ? ಚಿಕ್ಕದಾದರೆ ಬೇಗ ಮುಗಿಯುತ್ತದೆ, ದೊಡ್ಡದಾದರೆ ಕೈ ಸೋಲುತ್ತದೆ. ಪೇಂಟರ್ ಒಂದು ಹೇಳುತ್ತಾನೆ, ಪ್ಲಂಬರ್ ಇನ್ನೊಂದು ಹೇಳುತ್ತಾನೆ. ಮುಂದಿನ ಮಳೆಗಾಲದವರೆಗೂ ಎಳೆಯಬಹುದಾದ ಮಾತು. ಬಡಗಿ ಸಿಳ್ಳೆ ಹಾಕುತ್ತ ಅಂಗಿಯ ತೂತಿಗೆ ಹೊಲಿಗೆ ಹಾಕಿದ. ನಾಳೆಗೆ ಬೇಕಲ್ಲ.

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಕೈಯಲ್ಲಿ ಚೀಲ ಹಿಡಿದು ಪೇಂಟರ್ ನಿಂತಿದ್ದ.

“ಬ್ಯಾಟರಿ ಅಲ್ಲೇ ಉಳ್ಕೊಂಡಿತ್ತು ಮೇಸ್ತ್ರೀ. ಅಕ್ಕ ಚಿಕ್ಕದು, ದೊಡ್ಡದು ಎರಡೂ ಕಳ್ಸಿದಾರೆ, ಚಾರ್ಜರೂ ಇದೆ. ಯಾವುದು ಅಂತ ನೀವು ಮತ್ತೆ ತಲೆ ಕೆಡಿಸ್ಕೊಳ್ಳೋದು ಬೇಡ ಅಂತ.”

ಒಳಗೆ ಬಂದು ಕೂರು, ಚಹಾ ಮಾಡುತ್ತೇನೆ ಎಂದ ಬಡಗಿ. ನಿಮ್ಮ ಕೆಲಸ ಕೆಡಿಸೋದಿಲ್ಲ ಎಂದು ಪೇಂಟರ್ ಹೊರಟೇಬಿಟ್ಟ. ಸ್ಕೂಟರಿನ ಸದ್ದು ಬೀದಿಯ ತಿರುವಿನವರೆಗೂ ಕೇಳಿಸಿತು.

ಬಡಗಿ ಬ್ಯಾಟರಿ ಸಿಕ್ಕಿಸಿದ. ಒಂದು ಪಟ್ಟಿ ಎತ್ತಿ ಕಪಾಟಿನ ಅಂಚಿಗೆ ಹಿಡಿದು, ಅಭ್ಯಾಸಬಲದಿಂದ ಆ ತುದಿಯ ಕಡೆ ನೋಡಿ, “ಗಟ್ಟಿ ಹಿಡ್ಕೋ,” ಎಂದ. ಆಮೇಲೆ ಗನ್ನಿನ ಕುದುರೆ ಒತ್ತಿದ. ಪಟ್ಟಿ ಕೂತಿತು. ಎಲ್ಲಾದರೂ ಸಡಿಲವಿದೆಯೇನೋ ಎಂದು ಈ ತುದಿಯಿಂದ ಆ ತುದಿಯವರೆಗೆ ಜಗ್ಗಿ ಜಗ್ಗಿ ನೋಡಿದ. ಎಲ್ಲಿಯೂ ಒಂದು ಕುಂದು ಇರಲಿಲ್ಲ.