ಮಸ್ಕಡೆಗೆ ಸಿಂಪಿಯೇ ಯಾಕೆ?

ಗಲಾಟೆ ಶುರುವಾದದ್ದು ಒಂದು ಹಲಗೆಯಿಂದ. ಸೇವ್ರ್ ಹೊಳೆಯ ದಂಡೆಯ ಆ ಹಳ್ಳಿಯಲ್ಲಿ ವೈನ್ ಸಂತೆಯ ದಿನ ಪ್ರತಿ ಮಳಿಗೆಯವರೂ ಸಮಿತಿ ಕೊಟ್ಟ ಹಲಗೆ ತೂಗುಹಾಕಬೇಕು: 'ಮಸ್ಕಡೆ ಕುಡಿಯಿರಿ, ಸಿಂಪಿ ತಿನ್ನಿರಿ.' ಆನ್ಸೆಲ್ಮ್ ಆ ಬೆಳಿಗ್ಗೆ ತನ್ನ ಹಲಗೆಯನ್ನು ತಿರುವಿ, ಹಿಂಬದಿಗೆ ಸೀಮೆಸುಣ್ಣದಲ್ಲಿ 'ಮಸ್ಕಡೆ ಕುಡಿಯಿರಿ, ಕರಿ ಸಾಸೇಜ್ ತಿನ್ನಿರಿ' ಎಂದು ಬರೆದುಬಿಟ್ಟ.

ಅವನಿಗೆ ಕಡಲ ಚಿಪ್ಪು ಬಿಡಿಸಿ ಹಸಿಯಾಗೇ ತಿನ್ನುವ ಸಿಂಪಿ ಆಗಿಬರದು. ಒಂದು ತಿಂದರೂ ಮುಖ ಹುದುಗು ಬಂದ ಹಿಟ್ಟಿನಂತೆ ಉಬ್ಬುತ್ತಿತ್ತು. ತನ್ನ ತೋಟದ ಬಿಳಿ ವೈನ್ ಮಸ್ಕಡೆಯನ್ನು ಮೂವತ್ತು ವರ್ಷದಿಂದ ಅವನು ಕುಡಿಯುತ್ತಿದ್ದದ್ದು ಹಂದಿಯ ರಕ್ತ ತುಂಬಿ ಮಾಡಿದ ಕರಿ ಸಾಸೇಜ್ ಹುರಿದುಕೊಂಡು. ಅದೂ ಕದ ಹಾಕಿಕೊಂಡು, ಕಳ್ಳನ ಹಾಗೆ. ಈಗ ಹೋದ ವರ್ಷದ ವೈನ್ ಪೀಪಾಯಿಗಳಲ್ಲೇ ಕೂತಿತ್ತು, ಹೊಸ ಸುಗ್ಗಿಗೆ ಜಾಗವಿರಲಿಲ್ಲ. ಊರೆಲ್ಲ ಸಿಂಪಿ ಸಿಂಪಿ ಎನ್ನುವಾಗ ತಾನೂ ಅದನ್ನೇ ಕೂಗಿದರೆ ಕೇಳುವವರು ಯಾರು?

ಸಮಿತಿಯ ಅಧ್ಯಕ್ಷ ಗಸ್ಪಾರ್, ಊರಿನ ಹಂದಿಮಾಂಸದ ಅಂಗಡಿಯವನು, ಹೊಟ್ಟೆಯ ಮೇಲೆ ಹಸಿರು ಪಟ್ಟಿ ಬಿಗಿದುಕೊಂಡು ಬಂದ.

"ಏನಯ್ಯಾ ಇದು ನಿನ್ನ ಅವತಾರ? ತೆಗಿ ಅದನ್ನ."

"ತೆಗಿಯಲ್ಲ."

"ನಮ್ಮಜ್ಜನ ಕಾಲದಿಂದ ಸಿಂಪಿ ಜೊತೇನೇ ಕುಡಿಯೋದು, ಮಾರಾಯ."

"ನಿಮ್ಮಜ್ಜ ಹಾಗೇ ಕುಡೀಲಿ. ವೈನ್ ನಂದು, ನಾಲಿಗೆ ನಂದು."

ಆನ್ಸೆಲ್ಮ್ ಸಾಸೇಜ್ ಇಟ್ಟ ಬಾಣಲೆ ಕಾಯುತ್ತಿದ್ದಂತೆ ಹೊಗೆ ಎದ್ದಿತು. ಪಕ್ಕದ ಮಳಿಗೆಯ ವಿಧವೆ ಬ್ರೊಸ್ಸೋ ತನ್ನ ಸಿಂಪಿಗೆ ವಾಸನೆ ಹತ್ತುತ್ತದೆಂದು ತಟ್ಟೆಯಿಂದ ಬೀಸಿ ಬೀಸಿ ಹೊಗೆಯನ್ನು ವಾದ್ಯದವರ ಕಡೆಗೆ ಅಟ್ಟಿದಳು. ತುತ್ತೂರಿಯವನಿಗೆ ಕೆಮ್ಮು ಹತ್ತಿ ವಾದ್ಯ ಎಮ್ಮೆಯಂತೆ ಅರಚಿತು. ಅಷ್ಟರಲ್ಲಿ ಒಂದು ಸಾಸೇಜ್ ಉಬ್ಬಿ ಢಬ್ಬೆಂದು ಒಡೆದು ಗಸ್ಪಾರನ ಹಸಿರು ಪಟ್ಟಿಯನ್ನು ಕಪ್ಪು ಮಾಡಿತು. ಸಮಿತಿ ನಿಂತಲ್ಲೇ ಸಭೆ ಸೇರಿ, ಆ ಮಳಿಗೆಯನ್ನು ಕೂಡಲೇ ಕೀಳಬೇಕೆಂದು ತೀರ್ಮಾನಿಸಿತು. ಆನ್ಸೆಲ್ಮ್ ಪೀಪಾಯಿಯ ಮೇಲೆ ಹತ್ತಿ ಕೂತು, ಎತ್ತುವುದಾದರೆ ತನ್ನ ಸಮೇತ ಎತ್ತಿ ಎಂದ. ನಾಲ್ವರು ಎತ್ತಲು ಹೋದರು. ಪೀಪಾಯಿಯ ನಲ್ಲಿ ಕಳಚಿ ಅವನ ಪ್ಯಾಂಟು ತೊಯ್ದುಹೋಯಿತು. ಆದರೂ ಇಳಿಯಲಿಲ್ಲ.

ಆಗ ಬಂದ ಬೂದು ಕೋಟಿನವನು. ಪ್ಯಾರಿಸ್ಸಿನ ದೊಡ್ಡ ವೈನ್ ವ್ಯಾಪಾರಿಯೊಬ್ಬ ಈ ಸಲ ಸಂತೆಗೆ ಬರುತ್ತಾನೆಂಬ ಸುದ್ದಿ ವಾರದಿಂದ ಹಬ್ಬಿತ್ತು; ಇವನೇ ಅವನೆಂದು ಎಲ್ಲರೂ ಅಂದುಕೊಂಡರು. ಅವನು ಸಿಂಪಿಯ ಮಳಿಗೆಗಳನ್ನೆಲ್ಲ ದಾಟಿ, ಮೂಗು ಎಳೆದ ಕಡೆಗೆ ನಡೆದು, ಆನ್ಸೆಲ್ಮನ ಎದುರು ನಿಂತ. ಒಂದು ತುಂಡು ತಿಂದ, ಒಂದು ಗುಟುಕು ಕುಡಿದ, ಕಣ್ಣು ಮುಚ್ಚಿದ, ಪುಸ್ತಕದಲ್ಲಿ ಏನೋ ಬರೆದುಕೊಂಡ. ಹೀಗೇ ಆರು ತುಂಡು, ಮೂರು ಲೋಟ.

ಬ್ರೊಸ್ಸೋ ಮೆಲ್ಲಗೆ ತನ್ನ ಹಲಗೆಯನ್ನು ತಿರುವಿದಳು. ಆಚೆಯವರೂ ತಿರುವಿದರು. ಆನ್ಸೆಲ್ಮನ ಎದೆ ಪೀಪಾಯಿಯಷ್ಟಾಯಿತು.

ಬಂದವನು ಬಾಯಿ ಒರೆಸಿಕೊಂಡ. "ಇಂಥದ್ದು ನಾನು ಎಲ್ಲೂ ಕಂಡಿಲ್ಲ. ಪ್ಯಾರಿಸ್ಸಿನ ನಮ್ಮ ಹನ್ನೆರಡು ಅಂಗಡಿಗೂ ಪ್ರತಿ ವಾರ ಬೇಕು. ಇರೋದನ್ನೆಲ್ಲ ಕಳಿಸಿ."

"ಇವತ್ತೇ ಪೀಪಾಯಿ ಸಮೇತ ಕಳಿಸ್ತೀನಿ, ಸ್ವಾಮಿ."

ಅವನು ಹುಬ್ಬು ಗಂಟಿಕ್ಕಿದ. "ಸಾಸೇಜಿಗೆ ಪೀಪಾಯಿ ಯಾಕೆ?"

ಆನ್ಸೆಲ್ಮ್ ಕೂತಿದ್ದ ಪೀಪಾಯಿಯನ್ನು ತಟ್ಟಿ ತೋರಿಸಿದ. "ಮತ್ತೆ... ವೈನು?"

"ಅದೂ ಪರವಾಗಿಲ್ಲ. ಬಾಯಿ ಉಪ್ಪುಪ್ಪಾಗಿತ್ತಲ್ಲ, ತೊಳ್ಕೊಳ್ಳೋಕೆ ಆಯ್ತು. ಈ ಸಾಸೇಜ್ ಮಾಡೋರು ಯಾರು?"

ಇಡೀ ಸಂತೆ ಗಸ್ಪಾರನ ಕಡೆ ತಿರುಗಿತು. ಅವನು ಕಪ್ಪಾದ ಪಟ್ಟಿಯನ್ನು ನೆಟ್ಟಗೆ ಮಾಡಿಕೊಂಡು ಮುಂದೆ ಬಂದ. ಮಾಡುವುದು ತಾನೇ, ಅಜ್ಜನ ಕಾಲದ್ದು ಎಂದು ವಿನಯದಿಂದ ಹೇಳಿದ. ಇಬ್ಬರೂ ಕೈ ಕೈ ಹಿಡಿದು ಅಂಗಡಿಯ ಕಡೆ ಹೊರಟರು.

ಆನ್ಸೆಲ್ಮನ ಹೆಂಡತಿ ಸೋಲಾಂಜ್, ಇನ್ನಾದರೂ ಸಮಿತಿಯವರ ಮಾತು ಕೇಳಿ ಎಂದಳು. ಆನ್ಸೆಲ್ಮ್ ಪೀಪಾಯಿಯಿಂದ ಇಳಿದು, ಒದ್ದೆ ಪ್ಯಾಂಟಿನಲ್ಲೇ, ರಾತ್ರಿಯ ಊಟಕ್ಕೆ ನಾಲ್ಕು ಸಾಸೇಜ್ ತರಲು ಗಸ್ಪಾರನ ಅಂಗಡಿಗೆ ಹೋದ. ಬರಿಗೈಲಿ ವಾಪಸ್ಸು ಬಂದ.

"ಯಾಕ್ರೀ?"

"ಇಲ್ವಂತೆ. ಇನ್ಮೇಲೆ ಎಲ್ಲಾ ಪ್ಯಾರಿಸ್ಸಿಗಂತೆ."

"ಹಾಗಾದ್ರೆ ಈಗ ಯಾತರ ಜೊತೆ ಕುಡೀತೀರ?"

ಅವನು ಒಂದು ಲೋಟ ತುಂಬಿಸಿ ಒಂದೇ ಸಲಕ್ಕೆ ಕುಡಿದ. ಮತ್ತೊಂದು ತುಂಬಿಸಿ ಅವಳ ಮುಂದೆ ಎತ್ತಿ ಹಿಡಿದ.

"ಈ ಲೋಟದ ಜೊತೆ ಆ ಲೋಟ. ಹೊಂದತ್ತೆ ಅಂದ್ರೆ ಹೊಂದತ್ತೆ."