ಗಾಡಿಯ ಬೆನ್ನಿಗೆ ಬರೆಸಿದ ಸಾಲು

ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಆದರೆ ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಎಲ್ಲರೂ ತಮಗೆ ತೋಚಿದ ಹಾಗೆ ಕಥೆ ಹೇಳುತ್ತಿರುವುದರಿಂದ, ಸತ್ತವಳೇ ಒಮ್ಮೆ ಸರಿಯಾಗಿ ಹೇಳಿಬಿಡುವುದು ಒಳ್ಳೆಯದು.

ನನ್ನ ಯಜಮಾನರು ಯಾಕೂಬ್ ಕಡಲಾಚೆಯ ದಮ್ಮಾಮಿನಲ್ಲಿ ಬಹುಕಾಲ ಲಾರಿ ಓಡಿಸಿದವರು. ಊರಿಗೆ ಮರಳುವಾಗ ಬೇರೆಯವರು ಚಿನ್ನ ತಂದರೆ ಇವರು ಒಂದು ಆಸೆ ತಂದರು: ಚಕ್ರದ ಮನೆಯೊಂದನ್ನು ಜೀಪಿನ ಹಿಂದೆ ಕಟ್ಟಿಕೊಂಡು ಹೋಗಿ ಕುದುರೆಮುಖದ ಕಾಡಿನ ಅಂಚಿನಲ್ಲಿ ಮಲಗಿ ಏಳಬೇಕು. ಮಂಗಳೂರಿನ ಗುಜರಿ ಅಂಗಡಿಯಲ್ಲಿ ಅಂಥದ್ದು ಸಿಕ್ಕಿಯೂ ಬಿಟ್ಟಿತು. ಯಾವುದೋ ಕಾಲದಲ್ಲಿ ಯಾರೋ ವಿದೇಶಿ ಇಂಜಿನಿಯರ್ ಬಿಟ್ಟುಹೋದ ತಗಡಿನ ಮನೆ. ಒಳಗೆ ಮಂಚ, ಗ್ಯಾಸ್ ಒಲೆ, ವಂಶಪಾರಂಪರ್ಯವಾಗಿ ನೆಲೆಸಿದ ಜಿರಳೆಗಳು. ಅವರು ಅದನ್ನು ‘ಕ್ಯಾರವಾನ್’ ಎಂದರು. ಮಾಮಿ (ನನ್ನ ಅತ್ತೆ ಜೈನಬಮ್ಮ) ‘ಡಬ್ಬಿ’ ಎಂದರು.

ಆ ಡಬ್ಬಿಯ ಗುಣಗಾನವನ್ನು ನಾನು ಮಳೆಗಾಲವಿಡೀ ಕೇಳಿದೆ. ಕೇಳುವುದು ನನಗೆ ಒಲಿದ ವಿದ್ಯೆ. “ಅವಳಿಗೆ ಕಿವಿ ಉಂಟು, ಅಷ್ಟೇ” ಎಂದು ಮಾಮಿಯೂ ಒಪ್ಪುತ್ತಾರೆ. ಅದರಾಚೆ ಅವರು ನನ್ನ ಬಗ್ಗೆ ಆಡಿದ ಒಳ್ಳೆಯ ಮಾತು, ಇಂಥ ಕಿವಿ ಇದ್ದೂ, ನನಗೆ ಎಂದೂ ಕೇಳಿಸಿರಲಿಲ್ಲ.

ಗಾಡಿಗೆ ಬಿಳಿ ಬಣ್ಣ ಬಳಿಸಿದರು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ನಾನು ಶಾಲೆ ಬಿಟ್ಟ ಮೇಲೆ ಪುಸ್ತಕ ಓದಿ ಓದಿ ಕನ್ನಡ ಕಲಿತವಳು. ಹಾಗೆ ಕಲಿತವರಿಗೆ ಒಂದು ಕಾಯಿಲೆ: ಕಲಿತದ್ದು ನಾಲ್ಕು ಜನರಿಗೆ ಕಾಣಬೇಕು.

“ದೇವರ ಹೆಸರಿಲ್ಲದೆ ಪ್ರಯಾಣವಾ?” ಎಂದೆ.

“ಮನಸ್ಸಲ್ಲಿ ಹೇಳು ಮಾರಾಯ್ತಿ, ತಗಡಿನ ಮೇಲೆ ಯಾಕೆ?”

ನಾನು ಬಿಡಲಿಲ್ಲ. ಎರಡು ಸಾಲು ಕಟ್ಟಿದೆ: ‘ಕಾಡು ಬೆಟ್ಟ ನೋಡಿ ಬರುತ್ತೇವೆ, ಕಾಪಾಡು ದೇವರೇ. ಎಲ್ಲಿಗೆ ಹೋದರೂ ಕೊನೆಗೆ ನಿನ್ನ ಬಳಿಗೇ.’ ಮೆಲ್ಕಾರಿನಲ್ಲಿ ಬೋರ್ಡು ಬರೆಯುವ ಶೇಖರ ಗಾಡಿಯ ಹಿಂಬದಿ ನೋಡಿ, “ಅಕ್ಕ, ಕಿಟಕಿ ಬಿಟ್ಟರೆ ಒಂದೇ ಸಾಲಿಗೆ ಜಾಗ ಇರುವುದು. ಯಾವುದು ಬೇಕು?” ಎಂದ. ನಾನು ಮಹಾಕವಿಯ ಗಾಂಭೀರ್ಯದಿಂದ ಎರಡನೆಯದನ್ನು ಆರಿಸಿದೆ. ಬಣ್ಣವನ್ನೂ ನಾನೇ ಆರಿಸಿದೆ: ಹಸಿರು.

ಹೊರಟ ದಿನ ರಸ್ತೆಯಲ್ಲಿ ಸಿಕ್ಕ ಗೌರವ ನೋಡಿ ನನಗೆ ಹೆಮ್ಮೆಯೋ ಹೆಮ್ಮೆ. ಬಸ್ಸುಗಳು ಹಾರ್ನ್ ಹೊಡೆಯದೆ ಬದಿಗೆ ಸರಿದವು. ಮಡಂತ್ಯಾರಿನಲ್ಲಿ ಅಂಗಡಿಯವರು ಎದ್ದು ನಿಂತರು. ಕೆಲವರು ಜೇಬಿನಿಂದ ಟೊಪ್ಪಿ ತೆಗೆದು ತಲೆಗಿಟ್ಟುಕೊಂಡರು.

“ನೋಡಿದ್ರಾ, ಬರಹದ ಬರಕತ್ತು!”

“ಬರಹಕ್ಕಲ್ಲ, ಕ್ಯಾರವಾನಿಗೆ ಮರ್ಯಾದೆ!”

ಹೀಗೆ ಒಬ್ಬರ ಮರ್ಯಾದೆಯನ್ನು ಇನ್ನೊಬ್ಬರು ಕಸಿಯುತ್ತಾ ಹೋಗುವಾಗ ನಾನು ತಿಂದಿದ್ದ, ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಪೋಡಿಗಳು ಗುರುವಾಯನಕೆರೆ ದಾಟಿದ ಕೂಡಲೇ ಹೊರಬಂದವು. ಯಜಮಾನರು ನನ್ನನ್ನು ಹಿಂದಿನ ಗಾಡಿಯಲ್ಲಿ ಮಲಗಿಸಿ ಬಿಳಿ ಚಾದರ ಹೊದಿಸಿದರು.

ಚಾರ್ಮಾಡಿಯಲ್ಲಿ, ಘಾಟಿ ಹತ್ತುವ ಮೊದಲು, ಜೀಪಿಗೆ ನೀರು ಹಾಕಲು ನಿಲ್ಲಿಸಿದರು. ಹಿಂದೆಯೇ ಇನ್ನೂ ಕೆಲವು ಜೀಪುಗಳು ನಿಂತ ಸದ್ದು. ತಗಡಿನ ಗೋಡೆಯಾದ್ದರಿಂದ ಮಾತೆಲ್ಲ ಕೇಳುತ್ತಿತ್ತು.

“ನಾನು ಉಮ್ಮರ್ ಹಾಜಿ. ನಿಮ್ಮ ಗಾಡಿಯ ಹಿಂದೆ ಯಾರೂ ಇಲ್ಲದ್ದು ನೋಡಿ ಬೆಳ್ತಂಗಡಿಯಿಂದ ನಾವೇ ಬಂದೆವು. ಒಳಗೆ ಯಾರು?”

“ನನ್ನ ಹೆಂಡತಿ.”

“ಅಲ್ಲಾಹನೇ! ಯಾವಾಗ ಆದದ್ದು?”

“ಗುರುವಾಯನಕೆರೆ ದಾಟಿದ ಕೂಡಲೇ.”

“ದಾರಿಯಲ್ಲೇ! ಏನಾಗಿತ್ತು?”

“ಪೋಡಿ ಹೆಚ್ಚು ತಿಂದಳು. ಬೇಡ ಅಂತ ಹೇಳಿದ್ದೆ.”

“ಏನು ಮಾಡ್ಲಿಕ್ಕಾಗ್ತದೆ. ಸಹನೆ ಇಟ್ಕೊಳ್ಳಬೇಕು.”

“ಮದುವೆಯಾದಂದಿನಿಂದ ಇಟ್ಕೊಂಡಿದ್ದೇನೆ ಹಾಜಿಯವರೇ.”

ಹಾಜಿಯವರು ಉಳಿದವರನ್ನು ಕರೆದರು. ಆಮೇಲೆ ಬಂದವರೆಲ್ಲ ಗಾಡಿಯ ಸುತ್ತ ನಿಂತು ಪ್ರಾರ್ಥನೆ ಶುರುಮಾಡಿದರು. ನನಗೆ ಅರೆನಿದ್ದೆ. ನಮ್ಮ ಪ್ರಯಾಣಕ್ಕಾಗಿ ಇಷ್ಟು ಜನ ಬೇಡುತ್ತಿದ್ದಾರಲ್ಲ ಎಂದು ಕಣ್ಣು ತುಂಬಿತು. ಪ್ರಾರ್ಥನೆ ಮುಗಿದಾಗ, ಹುಟ್ಟಿದಂದಿನಿಂದ ಬಂದ ಅಭ್ಯಾಸ ನೋಡಿ, ಒಳಗಿನಿಂದ ಗಟ್ಟಿಯಾಗಿ ಹೇಳಿದೆ:

“ಆಮೀನ್!”

ಹೊರಗೆ ಯಾರೋ ಓಡಿದರು. ನಾನು ಏನಾಯಿತೆಂದು ನೋಡಲು ಚಾದರ ಸುತ್ತಿಕೊಂಡೇ ಬಾಗಿಲು ತೆರೆದೆ. (ತೆರೆಯಬಾರದಿತ್ತು.) ಉಳಿದವರೂ ಓಡಿದರು.

ಹಾಜಿಯವರು ಮಾತ್ರ ಗಾಡಿಯನ್ನು ಹಿಡಿದು ನಿಂತು, ನನ್ನನ್ನು ನೋಡಿ, ಹಸಿರು ಅಕ್ಷರ ನೋಡಿ, ಉಸಿರು ಬಂದ ಮೇಲೆ ಕೇಳಿದರು: “ಮಯ್ಯತ್ ಇಲ್ಲದ, ಹೆಣವೇ ಇಲ್ಲದ ಗಾಡಿಗೆ ಸಾವಿನ ಹೊತ್ತಿನ ಈ ಮಾತನ್ನು ಬರೆಸಿದ್ದು ಯಾರು?”

ಯಜಮಾನರು ನನ್ನ ಕಡೆ ಬೆರಳು ತೋರಿಸಿದರು. ಆ ಕ್ಷಣದಲ್ಲಿ ಅವರೆಲ್ಲ ನಂಬಿದ್ದೇ ನಿಜವಾಗಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು.

“ಘಟ್ಟದ ಮೇಲಿನವರನ್ನೂ ಹೆದರಿಸುವುದು ಬೇಡ, ಮನೆಗೆ ಹೋಗಿ” ಎಂದರು ಹಾಜಿಯವರು. ಕುದುರೆಮುಖ ಅಲ್ಲಿಗೇ ಮುಗಿಯಿತು.

ಸುದ್ದಿ ನಮಗಿಂತ ಮೊದಲು ಫೋನಿನಲ್ಲಿ ಮನೆ ಸೇರಿತ್ತು. ಅಂಗಳದ ತುಂಬ ಚಪ್ಪಲಿಗಳು. ಒಳಗೆ ಮಾಮಿ ಎದೆಯೊಡೆದು ಅಳುತ್ತಿದ್ದರು: “ನನ್ನ ಸೊಸೆಯಂಥ ಸೊಸೆ ಈ ಬಂಟ್ವಾಳದಲ್ಲೇ ಇಲ್ಲ! ಒಂದು ದಿನ ಎದುರು ಮಾತಾಡಿದವಳಲ್ಲ!”

ತಕ್ಷಣ ಒಳಗೆ ಹೋಗಬೇಕಿತ್ತು. ಹೇಳಲು ನಾಚಿಕೆಯಾಗುತ್ತದೆ, ಕಿಟಕಿಯ ಬಳಿ ನಿಂತು ಇನ್ನೂ ಸ್ವಲ್ಪ ಕೇಳಿದೆ.

ಹೋದಾಗ ಮಾಮಿ ನನ್ನ ಕೈ ಹಿಡಿದು ನೋಡಿದರು, ಬಿಸಿಯಿತ್ತು. ಕಣ್ಣೊರೆಸಿಕೊಂಡು, “ನಿಂತದ್ದು ಯಾಕೆ? ಇಷ್ಟು ಜನ ಬಂದಿದ್ದಾರೆ, ಚಹಾ ಇಡು” ಎಂದರು.

ನನ್ನ ಮಯ್ಯತ್ತಿಗೆ ಬಂದವರಿಗೆಲ್ಲ ನಾನೇ ತಲೆ ತಗ್ಗಿಸಿ ಚಹಾ ಕೊಟ್ಟೆ. ಮಸೀದಿಯ ಅಧ್ಯಕ್ಷರು ಚಹಾ ಕುಡಿದು, ಹೊರಗೆ ಹೋಗಿ, ಗಾಡಿಗೆ ಒಂದು ಸುತ್ತು ಬಂದರು.

“ಯಾಕೂಬ್, ನಮ್ಮ ಮಸೀದಿಗೆ ಮಯ್ಯತ್ತಿನ ಗಾಡಿ ಇಲ್ಲ. ಇದನ್ನು ಕೊಡುವ ಮನಸ್ಸು ಉಂಟಾ? ಬರಹ ಅಳಿಸುವುದು ಬೇಡ, ಅದು ಸರಿಯಾಗಿಯೇ ಉಂಟು.”

ಅಂಗಳದಲ್ಲಿದ್ದವರೆಲ್ಲ ಯಜಮಾನರ ಮುಖ ನೋಡಿದರು. ಅಷ್ಟು ಜನರ ಎದುರು ಇಲ್ಲ ಎನ್ನುವುದು ಹೇಗೆ? ಅವರು ತಮ್ಮ ಕ್ಯಾರವಾನನ್ನು ಒಮ್ಮೆ ನೋಡಿದರು. ಆಮೇಲೆ ತಟ್ಟೆ ಹಿಡಿದು ನಿಂತಿದ್ದ ನನ್ನನ್ನು ನೋಡಿದರು.

“ಹೇಳು” ಎಂದರು, “ಈಗ ಹೇಳು ಆಮೀನ್.”