ಅತ್ತೆಯ ಮಣೆ, ನನ್ನ ನಿಂಬೆಹಣ್ಣು

ಜಾನಕಮ್ಮತ್ತೆಯನ್ನು ಟ್ರಿಪ್ಲಿಕೇನಿನಿಂದ ಪಲ್ಲಾವರಂವರೆಗೆ ಕಾರಿನಲ್ಲಿ, ವಾಂತಿಯೇ ಆಗದಂತೆ ಕರೆದೊಯ್ಯುತ್ತೇನೆಂದು ಊಟದ ಎಲೆಯ ಮುಂದೆ ಪ್ರತಿಜ್ಞೆ ಮಾಡಿಬಿಟ್ಟೆ! ಭೀಷ್ಮನ ಪ್ರತಿಜ್ಞೆ ಇದರ ಮುಂದೆ ಯಾವ ಲೆಕ್ಕ? ಅವನೇನು ನಮ್ಮತ್ತೆಯನ್ನು ಕಾರಿನಲ್ಲಿ ಕೂರಿಸಿದ್ದನೆ?

ಪಲ್ಲಾವರಂನ ಗಂಡಿನ ಮನೆಯಲ್ಲಿ ಸೀತಕ್ಕನ ನಿಶ್ಚಯ. ಉಡಿ ತುಂಬಬೇಕಾದವರು ಸೋದರತ್ತೆ. ಉಳಿದವರೆಲ್ಲ ಮೊದಲೇ ಎಲೆಕ್ಟ್ರಿಕ್ ಟ್ರೇನು ಹತ್ತಿದ್ದರು. ಮಡಿಯುಟ್ಟ ಅತ್ತೆಗೆ ಟ್ರೇನಿನ ನೂಕಾಟ ಆಗದು. ಕಾರಿನಲ್ಲಿ ವಾಂತಿಯಾದರೋ ಮಡಿ ಕೆಟ್ಟಿತು. ಮತ್ತೆ ಸ್ನಾನ, ಮತ್ತೆ ಮಡಿಸೀರೆ. ಅಷ್ಟರಲ್ಲಿ ಮುಹೂರ್ತ ಮುಗಿದು ರಾಹುಕಾಲ ಕಾಲು ಚಾಚಿ ಕೂತಿರುತ್ತದೆ!

ನಾನೋ ಇಂಜಿನಿಯರಿಂಗ್ ವಿದ್ಯಾರ್ಥಿ. ಸ್ಪ್ರಿಂಗುಗಳ ಪಾಠ ಹಿಂದಿನ ವಾರವಷ್ಟೇ ಆಗಿತ್ತು. ಕುಲುಕಾಟವೇ ಶತ್ರು ಎಂದು ತೀರ್ಪು ಕೊಟ್ಟೆ. ಬದರಿನಾಥ ಚಿಕ್ಕಪ್ಪ ಕೋಡಂಬಾಕ್ಕಂನ ಒಂದು ಸಿನಿಮಾ ಸ್ಟುಡಿಯೋದಲ್ಲಿ ಮ್ಯಾನೇಜರು. ಅಲ್ಲಿಯ ಹಡಗಿನಂಥ ಅಮೆರಿಕನ್ ಕಾರು ತಂದರು. ಅದರ ಸ್ಪ್ರಿಂಗುಗಳೇ ಹೂವಿನ ಹಾಸಿಗೆ! ಅದೂ ಸಾಲದೆಂದು ಟೈರುಗಳ ಗಾಳಿಯನ್ನು ಗುಟ್ಟಾಗಿ ಒಂದಿಷ್ಟು ಇಳಿಸಿದೆ.

"ಚರ್ಮದ ಸೀಟು! ನಾ ಕೂರೋಲ್ಲಪ್ಪಾ," ಎಂದರು ಅತ್ತೆ.

ಊಟದ ಮಣೆ ಬಂತು. ಸೀಟಿನ ಮೇಲೆ ಮಣೆ, ಮಣೆಯ ಮೇಲೆ ಅತ್ತೆ, ಅತ್ತೆಯ ಕೈಯಲ್ಲಿ ನಿಂಬೆಹಣ್ಣು.

"ಅದನ್ನ ಇಲ್ಲಿ ಕೊಡಿ ಅತ್ತೆ."

"ವಾಸನೆ ನೋಡಕ್ಕೆ ಇಟ್ಕೊಂಡಿದೀನೋ ಪಂಢರಿ!"

"ಇವತ್ತು ನಿಮಗೆ ಬೇಕಾಗೋದೇ ಇಲ್ಲ. ಸೈನ್ಸಿಗೆ ಬೇಕು!"

ನನ್ನನ್ನು ಮುಟ್ಟದೆ, ಮೇಲಿನಿಂದ ಅಂಗೈಗೆ ಹಾಕಿದರು. ಅದನ್ನು ದಾರದಲ್ಲಿ ಕಟ್ಟಿ ಕಾರಿನ ಚಾವಣಿಗೆ ತೂಗುಬಿಟ್ಟೆ. ಕಾರು ಎಷ್ಟು ವಾಲುತ್ತದೆಂದು ನಿಂಬೆಹಣ್ಣು ಹೇಳಬೇಕು! ಮುಂದಿನ ಸೀಟಿನಲ್ಲಿ ಹಿಮ್ಮುಖನಾಗಿ ಮಂಡಿಯೂರಿ, ಅದನ್ನೇ ದಿಟ್ಟಿಸುತ್ತ ಕೂತೆ.

ಮೌಂಟ್ ರೋಡಿನಲ್ಲಿ ಒಂದು ಕುಲುಕು? ಊಹೂಂ!

"ಹೇಗಿದೆ ಅತ್ತೆ?"

"ತೊಟ್ಲು ಹಾಗಿದೆ ಕಣೋ."

ಸೈದಾಪೇಟೆಯ ತಿರುವು ಬಂತು. ಕಾರು ದೋಣಿಯಂತೆ ವಾಲಿತು. ನುಣುಪು ಚರ್ಮದ ಮೇಲೆ ಮಣೆ ಜರ್ರನೆ ಜಾರಿ, ಅತ್ತೆ ಆ ಬಾಗಿಲಿಗೆ ಹೋದರು! ಮುಂದಿನ ತಿರುವಿಗೆ ಈ ಬಾಗಿಲಿಗೆ ಬಂದರು!

"ಬದರೀ! ತಿರುಗಿಸೋಕ್ಕೆ ಮುಂಚೆ ಹೇಳೋ!"

"ನೀನೇ ರೋಡ್ ನೋಡ್ಕೋ ಅಕ್ಕ!"

ಅತ್ತೆ ನೋಡಿಕೊಂಡರು. ರಸ್ತೆಯ ಮೇಲೆ ಕಣ್ಣು ನೆಟ್ಟು, ತಿರುವು ಕಂಡ ಕೂಡಲೇ ತಾವೇ ಆ ಕಡೆಗೆ ವಾಲತೊಡಗಿದರು. "ಈಗ ಬಲಕ್ಕೆ! ಹೂಂ, ನಾ ರೆಡಿ!"

ನಾನು ನಿಂಬೆಹಣ್ಣು ನೋಡುತ್ತಿದ್ದೆ. ಅದು ನಿಧಾನವಾಗಿ ಎಡಕ್ಕೆ ಹೋಯಿತು. ನಿಧಾನವಾಗಿ ಬಲಕ್ಕೆ ಬಂತು. ನನ್ನ ಹೊಟ್ಟೆಯೂ ಅದರ ಹಿಂದೆಯೇ ಹೊರಟಿತು.

ಆಗ ಹೊಳೆಯಿತು ನೋಡಿ! ಎತ್ತಿನ ಗಾಡಿಯ ಗಡಗಡ ಮೂಳೆಯನ್ನು ಕುಟ್ಟುತ್ತದೆ, ಹೊಟ್ಟೆಯನ್ನು ಬಿಡುತ್ತದೆ. ಮೆತ್ತನೆಯ ಸ್ಪ್ರಿಂಗಿನ ಈ ನಿಧಾನದ ತೂಗಾಟವೇ ಹೊಟ್ಟೆಯನ್ನು ಕಡೆಯುವುದು! ತಿರುವು ಮೊದಲೇ ಕಂಡವರಿಗೆ ಬಾಧೆಯಿಲ್ಲ. ಅದಕ್ಕೇ ಡ್ರೈವರಿಗೆ ವಾಂತಿಯಾಗದು! ಎಂಥ ಸಂಶೋಧನೆ! ಹೇಳಲೆಂದು ಬಾಯಿ ತೆರೆದೆ.

ಬಾಯಿ ತೆರೆದದ್ದೇ ತಪ್ಪಾಯಿತು.

"ಸ್ಟುಡಿಯೋ ಕಾರೋ ಇದು, ಪಾಪಿ!" ಎಂದು ಚೀರಿ ಚಿಕ್ಕಪ್ಪ ಗಾಬರಿಯಲ್ಲಿ ರಸ್ತೆಯ ಎಡಕ್ಕೆ ತಿರುಗಿಸಿದರು. ಕಾರು ವಾಲಿತು. ನನ್ನೆದುರೇ ಇದ್ದ ಅತ್ತೆಯನ್ನು ಮಣೆ ಪುಷ್ಪಕವಿಮಾನದಂತೆ ಬಲಬಾಗಿಲಿಗೆ ಒಯ್ದಿತು. ಒಂದು ಹನಿಯೂ ತಾಗಲಿಲ್ಲ! ಮಡಿ ಉಳಿಯಿತು!

"ಅತ್ತೆ... ನಿಂಬೆಹಣ್ಣು..." ಎಂದು ನರಳಿದೆ.

"ಸೈನ್ಸಿಗೆ ಬೇಕು ಅಂದ್ಯಲ್ಲೋ?"

ಮುಹೂರ್ತಕ್ಕೆ ಸರಿಯಾಗಿ ಅತ್ತೆ ಸೀತಕ್ಕನ ಉಡಿ ತುಂಬಿದರು. ಆ ಹೊತ್ತಿಗೆ ನಾನು ಗಂಡಿನ ಮನೆಯ ಬಾವಿಕಟ್ಟೆಯಲ್ಲಿ ತಲೆಗೆ ನೀರು ಹೊಯ್ದುಕೊಳ್ಳುತ್ತಿದ್ದೆ. ಆಮೇಲೆ ಭಾವೀ ಭಾವನ ಪಂಚೆ ಉಟ್ಟು, ಅವರಿಗೇ ಸ್ಪ್ರಿಂಗಿನ ಪಾಠ ಹೇಳಿದೆ.

ಸಂಜೆ ಹೊರಟಾಗ ಅತ್ತೆಗೆ ಮಡಿಯಿರಲಿಲ್ಲ. ಸೀಟಿನ ಮೇಲೆಯೇ ಕೂರಬಹುದಿತ್ತು. ಆದರೂ ಮಣೆ ಕೇಳಿ ಹಾಕಿಸಿಕೊಂಡರು! ನಾನು ಕಾರಿನ ಬಾಗಿಲಿಗೆ ಕೈ ಹಾಕಿದೆ.

"ಬದರಿ, ಪಂಢರೀನ ಟ್ರೇನಲ್ಲಿ ಕಳ್ಸೋ," ಎಂದರು ಅತ್ತೆ. "ಪಾಪ, ಕೊಳಂದೆ! ಮಗೂಗೆ ಕಾರು ಆಗೋಲ್ಲ."

ಆಮೇಲೆ ದಾರ ಬಿಚ್ಚಿ, ಕಿಟಕಿಯಿಂದ ಕೈಚಾಚಿ, ನನ್ನ ಅಂಗೈಯಲ್ಲಿ ನಿಂಬೆಹಣ್ಣು ಇಟ್ಟರು.